ಹಂದಿಯ ಕರುಳು, ಐದು ಸಕ್ಕರೆ ಮತ್ತು ಒಂದು ಕಲಬೆರಕೆಯ ಕಥೆ

ಡಯಾಲಿಸಿಸ್ ಮಾಡೋದನ್ನ ನಿಮ್ಮಲ್ಲಿ ಹಲವರು ನೋಡಿರ್ತೀರಿ. ರಕ್ತ ಪೈಪಿನ ಮೂಲಕ ಹೊರಗೆ ಬಂದು, ಮಷೀನಿನಲ್ಲಿ ಶುದ್ಧವಾಗಿ, ಮತ್ತೆ ದೇಹಕ್ಕೆ ಹೋಗುತ್ತದೆ. ಹೊರಗೆ ಬಂದ ರಕ್ತ ಹೆಪ್ಪುಗಟ್ಟಬೇಕಿತ್ತು ಅಲ್ವಾ? ಯಾಕೆ ಗಟ್ಟಲ್ಲ? ಸಾಮಾನ್ಯವಾಗಿ ಹೆಪಾರಿನ್ ಅನ್ನೋ ಔಷಧಿ ಕೊಟ್ಟಿರ್ತಾರೆ. ಅದು ಬರೋದು ಹೆಚ್ಚಾಗಿ ಹಂದಿಯ ಕರುಳಿನಿಂದ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೊಂದು ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ ಅಣುಗಳ ಉದ್ದನೆಯ ಸರಪಳಿ.

2007ರ ಕೊನೆ, 2008ರ ಆರಂಭ. ಅಮೆರಿಕದಲ್ಲಿ ಹೆಪಾರಿನ್ ಪಡೆದ ರೋಗಿಗಳ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಅವರಲ್ಲಿ ಅನೇಕರು ಡಯಾಲಿಸಿಸ್ ರೋಗಿಗಳು. ಈ ಔಷಧಿಗೆ ಸಂಬಂಧಿಸಿದ್ದು ಎಂದು ಶಂಕಿಸಲಾದ ಸಾವುಗಳು 80 ದಾಟಿದವು. ಕಚ್ಚಾವಸ್ತು ಬಂದಿದ್ದು ಚೀನಾದಿಂದ. ಅಲ್ಲಿ ಅದಕ್ಕೂ ಮುಂಚೆ ಹಂದಿಗಳಿಗೆ ರೋಗ ಬಂದು ಕರುಳಿನ ಕೊರತೆಯಾಗಿತ್ತು.

ಕಲಬೆರಕೆ ಆಗಿತ್ತು ನಿಜ. ಆದರೆ ಪರೀಕ್ಷೆಯಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಆಗಿನ ಪರೀಕ್ಷೆ ಮುಖ್ಯವಾಗಿ ಕೇಳ್ತಾ ಇದ್ದದ್ದು ಒಂದೇ ಪ್ರಶ್ನೆ: ಇದು ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತಾ? ಬೆರೆಸಿದ ವಸ್ತುವೂ ಅದನ್ನು ಸ್ವಲ್ಪಮಟ್ಟಿಗೆ ತಡೆಯುತ್ತಿತ್ತು! ಪ್ರಾಣಿಗಳ ಮೃದ್ವಸ್ಥಿಯಲ್ಲಿ ಸಿಗುವ ಅಗ್ಗದ ಕಾಂಡ್ರಾಯ್ಟಿನ್ ಸಲ್ಫೇಟ್‌ಗೆ ಇನ್ನಷ್ಟು ಸಲ್ಫೇಟ್ ಜೋಡಿಸಿ, ಹೆಪಾರಿನ್ ತರಹ ಕಾಣುವಂತೆ ಮಾಡಲಾಗಿತ್ತು. ಅದನ್ನು ಕೊನೆಗೆ ಪತ್ತೆ ಹಚ್ಚಿದ್ದು ಅಣುವಿನ ರಚನೆಯನ್ನೇ ಓದುವ ಎನ್‌ಎಂಆರ್‌ನಂಥ ಪರೀಕ್ಷೆಗಳು. ಈ ಪತ್ತೆದಾರಿಯಲ್ಲಿ ಮುಂಚೂಣಿಯಲ್ಲಿದ್ದವರು ಎಂಐಟಿಯ ರಾಮ್ ಸಸಿಶೇಖರನ್. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಪದವೀಧರ! ಬೆರೆಸಿದವರು ಯಾರು ಅನ್ನೋದು ಮಾತ್ರ ಸಾಬೀತಾಗಲಿಲ್ಲ.

ಹಾಗಾದರೆ ಹಂದಿಯ ಗೊಡವೆಯೇ ಬೇಡ, ಫ್ಯಾಕ್ಟರಿಯಲ್ಲೇ ಮಾಡಬಾರದಾ? ಇಂಜಿನಿಯರಿಂಗ್ ಓದಿದ ನನಗೆ ಮೊದಲು ಹೊಳೆದದ್ದೂ ಇದೇ. ಆದರೆ ಸಕ್ಕರೆ ಹಠಮಾರಿ ಅಣು. ಪ್ರೋಟೀನ್ ಅನ್ನೋದು ಮಣಿ ಪೋಣಿಸಿದ ನೇರ ಸರ. ಅದಕ್ಕೆ ಡಿಎನ್‌ಎಯಲ್ಲಿ ನಕ್ಷೆ ಇದೆ. ಸಕ್ಕರೆ ಸರಪಳಿಗೆ ಅಂಥ ನೇರ ನಕ್ಷೆ ಇಲ್ಲ. ಒಂದೊಂದು ಸಕ್ಕರೆಗೂ ನಾಲ್ಕೈದು ಕೈಗಳಿದ್ದ ಹಾಗೆ. ಯಾವ ಕೈ ಯಾವ ಕೈಯನ್ನ ಹಿಡಿಯಬೇಕು, ಮೇಲಿಂದಲೋ ಕೆಳಗಿಂದಲೋ, ಎಲ್ಲವನ್ನೂ ಕೆಮಿಸ್ಟ್ ನಿರ್ಧರಿಸಬೇಕು. ಬೇಡದ ಕೈಗಳಿಗೆ ಗ್ಲೌಸ್ ಹಾಕಿ, ಬೇಕಾದ ಕೈ ಜೋಡಿಸಿ, ಮತ್ತೆ ಗ್ಲೌಸ್ ಬಿಚ್ಚಬೇಕು. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಮಾಲು ನಷ್ಟ.

ಆದರೂ ದಾರಿ ಸಿಕ್ಕಿತು. ಅಷ್ಟುದ್ದದ ಸರಪಳಿಯಲ್ಲಿ, ರಕ್ತದ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿದು ಚುರುಕುಗೊಳಿಸುವುದು ಐದೇ ಸಕ್ಕರೆಗಳ ಒಂದು ತುಂಡು. ಫ್ರಾನ್ಸಿನ ಮಾರಿಸ್ ಪೆಟಿಟು, ಜಾನ್ ಶೋಯೆ ಮತ್ತು ಸಂಗಡಿಗರು 1980ರ ದಶಕದಲ್ಲಿ ಆ ತುಂಡನ್ನು ಲ್ಯಾಬಿನಲ್ಲೇ ಕಟ್ಟಿದರು. ಅದರಿಂದ ಬಂದ ಔಷಧಿಯೇ ಫೋಂಡಾಪಾರಿನಕ್ಸ್. ಸುಮಾರು 50 ಹಂತಗಳ ತಯಾರಿಕೆ. 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಇದರ ಜೆನೆರಿಕ್ ಮಾರಲು ಹೈದರಾಬಾದಿನ ಡಾ. ರೆಡ್ಡೀಸ್‌ಗೂ ಅಲ್ಲಿ ಅನುಮತಿ ಸಿಕ್ಕಿತು. ಹಂದಿ ಇಲ್ಲ, ಹಂದಿಯ ಜೊತೆ ಬರುವ ಕಲಬೆರಕೆಯ ಭಯವೂ ಇಲ್ಲ.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡ್ರಾ? ಇಲ್ಲ. ಫೋಂಡಾಪಾರಿನಕ್ಸ್ ದೇಹದಿಂದ ಹೊರಹೋಗೋದು ಕಿಡ್ನಿಯ ಮೂಲಕ. ಕಿಡ್ನಿ ಕೈಕೊಟ್ಟವರಲ್ಲಿ ಅದು ರಕ್ತದಲ್ಲೇ ಉಳಿದು ರಕ್ತಸ್ರಾವ ಮಾಡಬಹುದು. ಹೆಪಾರಿನ್ ಜಾಸ್ತಿಯಾದರೆ ಪ್ರೋಟಮೈನ್ ಕೊಟ್ಟು ತಡೆಯಬಹುದು; ಇದಕ್ಕೆ ಆ ಸೌಲಭ್ಯವೂ ಇಲ್ಲ. ಅಂದರೆ 2008ರಲ್ಲಿ ಹೆಚ್ಚು ನೊಂದ ಡಯಾಲಿಸಿಸ್ ರೋಗಿಗಳಿಗೇ ಈ ಸಿಂಥೆಟಿಕ್ ಔಷಧಿ ಸುಲಭದ ಬದಲಿಯಲ್ಲ. ಅದಕ್ಕೇ ವಿಜ್ಞಾನಿಗಳು ಈಗ ಕಿಣ್ವಗಳ ಸಹಾಯದಿಂದ ಪೂರ್ತಿ ಹೆಪಾರಿನ್ನನ್ನೇ ಕಟ್ಟಲು ಹೊರಟಿದ್ದಾರೆ.

ಅಲ್ಲಿಯವರೆಗೆ ನಮ್ಮನ್ನು ಕಾಯಬೇಕಾದದ್ದು ಪರೀಕ್ಷೆ. ಔಷಧಿ ಕೆಲಸ ಮಾಡುತ್ತಾ ಅಂತ ಕೇಳಿದರೆ ಸಾಲದು ವೀಕ್ಷಕರೇ, ಬಾಟಲಿಯಲ್ಲಿ ಇರೋದು ಏನು ಅಂತಲೂ ಕೇಳಬೇಕು. ಆ ಎರಡನೇ ಪ್ರಶ್ನೆ ಸರಿಯಾಗಿ ಕೇಳದೇ ಇದ್ದದ್ದಕ್ಕೆ ಜನ ಜೀವ ತೆತ್ತಿದ್ದಾರೆ.