ಮೂರನೆಯ ಕೋನ: ಗಣನೆ ಮತ್ತು ಮಾಪನ

ತ್ರಿಭುಜದ ಎರಡು ಕೋನಗಳು ತಿಳಿದಿದ್ದರೆ ಅವುಗಳ ಮೊತ್ತವನ್ನು 180 ಡಿಗ್ರಿಯಿಂದ ಕಳೆದು ಮೂರನೆಯದನ್ನು ಪಡೆಯಬಹುದೆಂಬುದು ಶಾಲಾ ಗಣಿತದ ಪ್ರಾಥಮಿಕ ನಿಯಮ. ಆದರೆ ದಕ್ಷಿಣ ಭಾರತದ ಮಹಾತ್ರಿಕೋನಮಾಪನದಲ್ಲಿ ತೊಡಗಿದ್ದವರು ಈ ನಿಯಮವನ್ನು ಚೆನ್ನಾಗಿ ಬಲ್ಲವರಾಗಿಯೂ, ಪ್ರಧಾನ ತ್ರಿಭುಜಗಳಲ್ಲಿ ಸಾಧ್ಯವಾದೆಡೆಯೆಲ್ಲ ಮೂರೂ ಕೋನಗಳನ್ನು ಅಳೆದರು. ಇದರ ಕಾರಣ ನಿಯಮದ ಸಾಧನೆಯಲ್ಲಿಯೇ ಅಡಗಿದೆ.

ಯೂಕ್ಲಿಡನ ಮೊದಲ ಪುಸ್ತಕದ 32ನೆಯ ಪ್ರಮೇಯದಲ್ಲಿ ಈ ಸಾಧನೆಯಿದೆ. ತ್ರಿಭುಜದ ಪಾದವನ್ನು ಬಲಕ್ಕೆ ಮುಂದುವರಿಸಿ, ಅದರ ಬಲತುದಿಯಿಂದ ಎಡಬಾಹುವಿಗೆ ಸಮಾಂತರ ರೇಖೆಯನ್ನೆಳೆದರೆ ಅಲ್ಲಿಯ ಹೊರಕೋನ ಇಬ್ಭಾಗವಾಗುತ್ತದೆ. ಒಂದು ಭಾಗವು ಪರ್ಯಾಯಕೋನವಾದ್ದರಿಂದ ಶೃಂಗಕೋನಕ್ಕೆ ಸಮ. ಇನ್ನೊಂದು ಅನುರೂಪಕೋನವಾದ್ದರಿಂದ ಎಡಪಾದಕೋನಕ್ಕೆ ಸಮ. ಉಳಿದ ಒಳಕೋನವನ್ನು ಸೇರಿಸಿದರೆ ಸರಳಕೋನ, ಅಂದರೆ 180 ಡಿಗ್ರಿ. ಎಲ್ಲವೂ ನಿಂತಿರುವುದು ಆ ಸಮಾಂತರ ರೇಖೆಯ ಮೇಲೆ. ಗೋಳದ ಮೇಲ್ಮೈಯಲ್ಲಿ ಅಂಥ ರೇಖೆಯೇ ಇಲ್ಲ.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು ಅಳೆದನು. ಪರಿಶೀಲನೆಗಾಗಿ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದನ್ನು ಅಳೆಯಲಾಯಿತು. ನಡುವಿನ ಉದ್ದಗಳೆಲ್ಲ ಕೋನಗಳಿಂದ ಗಣಿಸಿದವು. ಒಂದು ಕೋನದ ದೋಷ ಮುಂದಿನ ತ್ರಿಭುಜಗಳಿಗೆಲ್ಲ ಹರಿಯುತ್ತದೆ. ಕಳೆದು ಪಡೆದ ಕೋನವಾದರೋ ಉಳಿದೆರಡರ ದೋಷವನ್ನು ನುಂಗಿ, ಮೊತ್ತವನ್ನು ಸದಾ ಸರಿಯೆಂದೇ ತೋರಿಸುತ್ತದೆ! ಆದ್ದರಿಂದಲೇ ಸುಮಾರು ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಮೂರನೆಯ ಶಿಖರಕ್ಕೂ ಹೊರಬೇಕಾಯಿತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಆ ಉಪಕರಣ ಜಖಂಗೊಂಡಿತು. ಲ್ಯಾಂಬ್ಟನ್ನನೇ ಅದನ್ನು ದುರಸ್ತಿ ಮಾಡಿದನು.

ಮೂರನ್ನೂ ಅಳೆದಾಗ ಮೊತ್ತವು 180 ಡಿಗ್ರಿಯನ್ನು ಮೀರುವುದು ಸಹಜ. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಂತೆ ಬರುವ ಈ ಹೆಚ್ಚಳವೇ ಗೋಳೀಯ ಆಧಿಕ್ಯ. ಪ್ರತಿ ಬಾಹು 50 ಕಿಲೋಮೀಟರ್ ಇರುವ ತ್ರಿಭುಜದ ವಿಸ್ತೀರ್ಣ ಸುಮಾರು 1,083 ಚದರ ಕಿಲೋಮೀಟರ್, ಆಧಿಕ್ಯ 5.5 ಸೆಕೆಂಡು. ಅಳೆದ ಮೊತ್ತ 180 ಡಿಗ್ರಿ 8 ಸೆಕೆಂಡು ಬಂದರೆ ದೋಷವು 8 ಸೆಕೆಂಡಲ್ಲ, 2.5 ಸೆಕೆಂಡು ಮಾತ್ರ. ಅದನ್ನು, ಮೂರು ಅಳತೆಗಳೂ ಸಮಾನ ವಿಶ್ವಾಸಾರ್ಹವಾಗಿದ್ದರೆ, ಸಮವಾಗಿ ಹಂಚಿ ತೆಗೆಯಬೇಕು. ಆನಂತರ ಪ್ರತಿ ಕೋನದಿಂದ ಆಧಿಕ್ಯದ ಮೂರನೆಯ ಒಂದಂಶವನ್ನು ಕಳೆದು, ಅದೇ ಬಾಹುಗಳ ಸಮತಲ ತ್ರಿಭುಜವೆಂದು ಗಣಿಸಬಹುದೆಂಬ ಸೂತ್ರವನ್ನು ಲೆಜಾಂಡ್ರ್ 1787ರಲ್ಲಿ ಕೊಟ್ಟಿದ್ದನು.

ಏರಲಾಗದ ಶಿಖರದಲ್ಲಿ ಕೋನವನ್ನು ಕಳೆದೇ ಪಡೆಯಬೇಕು. ಆದರೆ ಈ ತ್ರಿಭುಜದಲ್ಲಿ ಕಳೆಯುವುದು 180 ಡಿಗ್ರಿ 5.5 ಸೆಕೆಂಡಿನಿಂದ.