ಮುಖವೊಂದೇ, ರೋಮವೇಕೆ ಬೇರೆ?

ಮೀಸೆ ದಟ್ಟವಾಗಿದ್ದರೂ ಕೆನ್ನೆಯ ಮೇಲೆ ಗಡ್ಡ ವಿರಳವೆಂದು ಅನೇಕ ಯುವಕರು ಕೊರಗುವುದನ್ನು ನಾವು ಕಾಣುತ್ತೇವೆ. ಇದು ಸಾಮಾನ್ಯವಾಗಿ ರೋಗವಲ್ಲ, ದೇಹದ ಸಹಜ ಧರ್ಮ.

ರೋಮಕೂಪಗಳು ಹುಟ್ಟುವಾಗಲೇ ನಮ್ಮ ಮುಖದಲ್ಲಿರುತ್ತವೆ. ಹುಬ್ಬು, ರೆಪ್ಪೆಗಳ ಕೂದಲು ಬಾಲ್ಯದಿಂದಲೇ ಎದ್ದು ಕಾಣುತ್ತದೆ; ಮೀಸೆ, ಗಡ್ಡಗಳ ಎಡೆಯಲ್ಲಿ ಆಗ ಇರುವುದು ನವಿರಾದ ರೋಮ ಮಾತ್ರ. ಹರೆಯದಲ್ಲಿ ಟೆಸ್ಟೋಸ್ಟಿರೋನ್ ಹಾರ್ಮೋನು ಹೆಚ್ಚಿದಾಗ ಅದೇ ರೋಮ ಒರಟಾಗಿ ಬೆಳೆಯುತ್ತದೆ. ರಕ್ತದಲ್ಲಿ ಹರಿಯುವ ಹಾರ್ಮೋನು ಒಂದೇ; ಅದಕ್ಕೆ ಓಗೊಡುವ ಶಕ್ತಿ ಒಂದೊಂದು ಕೂಪಕ್ಕೆ ಒಂದೊಂದು ಬಗೆ. ಆದ್ದರಿಂದ ಸಾಮಾನ್ಯವಾಗಿ ಮೊದಲು ಮೇಲ್ದುಟಿಯ ಅಂಚುಗಳಲ್ಲಿ ಚಿಗುರಿ, ಬಳಿಕ ಕೆನ್ನೆ, ಗದ್ದಗಳಿಗೆ ಹರಡುತ್ತದೆ. ಈ ಗುಣ ಬಹುಮಟ್ಟಿಗೆ ವಂಶದಿಂದ ಬಂದುದು. 25 ವರ್ಷ ದಾಟಿದ ಮೇಲೂ ಗಡ್ಡ ತುಂಬಿಕೊಳ್ಳುವುದುಂಟು. ಪದೇ ಪದೇ ಕ್ಷೌರ ಮಾಡಿದರೆ ಕೂದಲು ದಟ್ಟವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಕತ್ತರಿಸಿದ ತುದಿ ಮೊಂಡಾಗಿ ಒರಟೆನಿಸುತ್ತದೆ, ಅಷ್ಟೆ.

ಆದರೆ ಗಡ್ಡದ ನಡುವೆ ನಾಣ್ಯದಗಲ ಕೂದಲು ಹಠಾತ್ತನೆ ಉದುರಿದರೆ, ಅಥವಾ ಹೆಣ್ಣುಮಕ್ಕಳ ಗದ್ದದಲ್ಲಿ ಒರಟು ಕೂದಲು ಹೆಚ್ಚುತ್ತ ಮುಟ್ಟು ಏರುಪೇರಾದರೆ, ಸಂಕೋಚದಿಂದ ಮುಚ್ಚಿಡದೆ ವೈದ್ಯರನ್ನು ಕಾಣಬೇಕು. ಎರಡನೆಯದಕ್ಕೆ ಅಂಡಾಶಯದ ತೊಂದರೆ ಕಾರಣವಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಅಂಥ ಮಗಳನ್ನು ನಾವು ಹಾಸ್ಯ ಮಾಡದೆ, ಆಸ್ಪತ್ರೆಗೆ ಜೊತೆಯಾಗಿ ಹೋಗುವುದೇ ಮೊದಲ ಔಷಧ.