ಅಳುಕು ಅರ್ಹತೆಯ ಪ್ರಮಾಣಪತ್ರವೇ?

ನಿಜವಾದ ಪ್ರತಿಭಾವಂತರಿಗೆ ಮಾತ್ರ ತಮ್ಮ ಯೋಗ್ಯತೆಯ ಬಗ್ಗೆ ಅನುಮಾನ ಹುಟ್ಟುತ್ತದೆ, ದಡ್ಡರಿಗೆ ಅಂಥ ಅಳುಕು ಇರುವುದೇ ಇಲ್ಲ, ಆದ್ದರಿಂದ ಒಗ್ಗಿದ ಪರಿಸರವನ್ನು ಬಿಟ್ಟು ಹೊಸ ಹುದ್ದೆಗೋ ಹೊಸ ಊರಿಗೋ ಹೋದವರಿಗೆ 'ಇಲ್ಲಿಗೆ ತಾನು ತಕ್ಕವನಲ್ಲ, ಇಂದಲ್ಲ ನಾಳೆ ಬಣ್ಣ ಬಯಲಾಗುತ್ತದೆ' ಎನ್ನಿಸಿದರೆ ಅದೇ ಅವರ ಅರ್ಹತೆಗೆ ಸಾಕ್ಷಿ ಎಂಬ ನಂಬಿಕೆ ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಬಹಳ ಚಲಾವಣೆಯಲ್ಲಿದೆ. ಗಳಿಸಿದ ಯಶಸ್ಸಿಗೆ ತಾನು ಹಕ್ಕುದಾರನಲ್ಲ, ಸುತ್ತಲಿನವರನ್ನು ವಂಚಿಸುತ್ತಿದ್ದೇನೆ ಎಂದು ಕಾಡುವ ಭಾವಕ್ಕೆ ಇಂಪೋಸ್ಟರ್ ಸಿಂಡ್ರೋಮ್ ಎನ್ನುವುದು ವಾಡಿಕೆ. ಕೇಳುವ ಕಿವಿಗೆ ಹಿತವಾದ ಈ ತರ್ಕವನ್ನು ಒಪ್ಪಿದರೆ, ಪಠ್ಯಪುಸ್ತಕವನ್ನೇ ತೆರೆಯದೆ ಪರೀಕ್ಷೆಗೆ ಹೋಗಿ ನಡುಗುವ ವಿದ್ಯಾರ್ಥಿಯನ್ನೂ ಪ್ರತಿಭಾವಂತರ ಸಾಲಿಗೆ ಸೇರಿಸಬೇಕಾಗುತ್ತದೆ.

ಇಂಪೋಸ್ಟರ್ ಪರಿಕಲ್ಪನೆಯನ್ನು 1978ರ ಪ್ರಬಂಧವೊಂದರಲ್ಲಿ ಮಂಡಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್. ಅವರು ಗಮನಿಸಿದ 150ಕ್ಕೂ ಹೆಚ್ಚು ಮಹಿಳೆಯರಲ್ಲಿ ಡಾಕ್ಟರೇಟ್ ಪಡೆದವರು, ವೃತ್ತಿಯಲ್ಲಿ ಹೆಸರು ಮಾಡಿದವರು ಮತ್ತು ಓದಿನಲ್ಲಿ ಮುಂದಿದ್ದ ವಿದ್ಯಾರ್ಥಿನಿಯರು ಇದ್ದು, ತಮ್ಮ ಸಾಧನೆಯನ್ನು ಅವರು ಅದೃಷ್ಟದ ಇಲ್ಲವೆ ಆಯ್ಕೆ ಮಾಡಿದವರ ಕಣ್ತಪ್ಪಿನ ಲೆಕ್ಕಕ್ಕೆ ಬರೆಯುತ್ತಿದ್ದರು. ಮೊದಲು ಸಾಧಕರನ್ನು ತೆಗೆದುಕೊಂಡು ಅವರಲ್ಲಿಯೂ ಅಳುಕಿರಬಹುದೆಂದು ತೋರಿಸಿದ ಈ ಅಧ್ಯಯನವನ್ನು ಭಾಷಣಕಾರರು ತಿರುವುಮುರುವಾಗಿ ಓದಿ, ಅಳುಕುಳ್ಳವರೆಲ್ಲ ಸಾಧಕರೆಂದು ಸಾರುತ್ತಿದ್ದಾರೆ.

ದಡ್ಡರಿಗೆ ಅಳುಕಿಲ್ಲವೆಂಬ ಇನ್ನರ್ಧಕ್ಕೆ ಆಧಾರವಾಗಿ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಎಳೆದು ತರಲಾಗುತ್ತದೆ. ಎಳೆದು ತರುವವರು ಅದರ ಅಂಕಿಗಳನ್ನು ನೋಡಿರುವಂತೆ ಕಾಣುವುದಿಲ್ಲ. ಅಲ್ಲಿನ ತರ್ಕಶಕ್ತಿಯ ಪರೀಕ್ಷೆಯೊಂದರಲ್ಲಿ ಕಟ್ಟಕಡೆಯ ಕಾಲುಭಾಗದವರ ನಿಜವಾದ ಪರ್ಸೆಂಟೈಲ್, ಅಂದರೆ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದಾರೆಂಬ ಅಳತೆ, ಸರಾಸರಿ 12 ಇದ್ದರೂ ತಮ್ಮ ಸಾಮರ್ಥ್ಯವನ್ನು ಅವರು 68ರಲ್ಲಿ ಇರಿಸಿಕೊಂಡರು ಎಂಬುದು ನಿಜ. ಆದರೆ 86ರಲ್ಲಿದ್ದ ಮೇಲಿನ ಕಾಲುಭಾಗದವರು ತಮ್ಮನ್ನು ಕೊಂಚ ಕಡಿಮೆ ಅಂದಾಜಿಸಿಕೊಂಡೂ 74 ಎಂದೇ ಹೇಳಿದ್ದರು. ಎಂದರೆ ಬಲ್ಲವರ ಆತ್ಮವಿಶ್ವಾಸ ಅರಿಯದವರದಕ್ಕಿಂತ ಆಗಲೂ ಮೇಲೆಯೇ ಇತ್ತು.

ಇಷ್ಟಕ್ಕೂ ಕ್ಲಾನ್ಸ್ ಮತ್ತು ಐಮ್ಸ್ ವಿವರಿಸಿದ ಸ್ಥಿತಿಯ ತಿರುಳಿರುವುದು ಪುರಾವೆ ಕಣ್ಣೆದುರಿಗಿದ್ದರೂ ಅದನ್ನು ನಂಬಲಾಗದಿರುವುದರಲ್ಲಿ. ಹೊಸ ಕೆಲಸಕ್ಕೆ ಸೇರಿ ವಾರ ಕಳೆದವರ ಮುಂದೆ ಅಂಥ ಪುರಾವೆಯೇ ಇನ್ನೂ ಇರುವುದಿಲ್ಲವಾದ್ದರಿಂದ, ತಮಗೆ ಕೆಲಸ ಬಾರದೆಂಬ ಅವರ ಅನಿಸಿಕೆ ಬಹುಮಟ್ಟಿಗೆ ಸರಿಯಾದ ಅಂದಾಜೇ ಆಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದ ವಿದ್ಯಾರ್ಥಿನಿ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಾಠಗಳೆದುರು ಕುಗ್ಗಿದರೆ ಆಕೆಗೆ ಬೇಕಾದುದು ಭಾಷೆಯ ನೆರವು ಮತ್ತು ನಿಧಾನವಾಗಿ ಬಿಡಿಸಿ ಹೇಳುವ ಅಧ್ಯಾಪಕರು. 'ಇದು ನಿನ್ನ ಪ್ರತಿಭೆಯ ಲಕ್ಷಣ' ಎಂದು ಬೆನ್ನು ತಟ್ಟುವುದರಿಂದ ಕಾಲೇಜಿನ ಹೊಣೆ ಹಗುರವಾಗಬಹುದೇ ಹೊರತು ಪಾಠ ಅರ್ಥವಾಗುವುದಿಲ್ಲ.

ಇಂಪೋಸ್ಟರ್ ಸಿಂಡ್ರೋಮ್ ಒಂದು ಕಾಯಿಲೆ ಎಂಬ ನಂಬಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಧಾರವಿಲ್ಲ. ಹೆಂಗಸರಿಗೆ ಮಾತ್ರ ಬರುತ್ತದೆಂಬುದನ್ನು ನಂತರದ ಅಧ್ಯಯನಗಳು ಅಲ್ಲಗಳೆದಿವೆ. ಇನ್ನೊಂದು ಬಡ್ತಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎನ್ನುವವರು 1978ರ ಮಹಿಳೆಯರಿಗೆ ಯಾವ ಯಶಸ್ಸು ಕಡಿಮೆಯಿತ್ತೆಂದು ಹೇಳಬೇಕು.

ನೂರಕ್ಕೆ 70 ಮಂದಿಗೆ ಈ ಅನುಭವವಿದೆ ಎಂಬ ಅಂಕಿಯಂತೂ ಕೇಳುವವರಿಲ್ಲದೆ ಓಡಾಡಿಕೊಂಡಿದೆ. 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಈ ಪ್ರಮಾಣ ಶೇ. 9ರಿಂದ ಶೇ. 82ರವರೆಗೆ ಹರಡಿಕೊಂಡಿದ್ದು, ಬಳಸಿದ ಪ್ರಶ್ನಾವಳಿ ಮತ್ತು ಎಷ್ಟು ಅಂಕಕ್ಕೆ ಈ ಅನುಭವವಿದೆ ಎನ್ನಬೇಕೆಂದು ಎಳೆದ ಗೆರೆ ಬದಲಾದಂತೆ ಉತ್ತರವೂ ಬದಲಾಗುವುದು ಕಂಡುಬಂದಿದೆ. ಆದರೂ ವಿದೇಶಿ ವಿಶ್ವವಿದ್ಯಾಲಯದ ಹೆಸರೊಂದು ಅಂಟಿದರೆ ಎಂಥ ಮಾತಿಗೂ ತಲೆದೂಗುವ ಅಭ್ಯಾಸ ಬಲವಾಗಿದೆ. ಉದಾಹರಣೆಗೆ, ಎರಡು ನಿಮಿಷ ಮೈ ಹರಡಿ ಗತ್ತಿನ ಭಂಗಿಯಲ್ಲಿದ್ದರೆ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆಂಬ 2010ರ ವಾದ, 2015ರ ದೊಡ್ಡ ಮರುಪರೀಕ್ಷೆಯಲ್ಲಿ ಹಾರ್ಮೋನುಗಳ ಮಟ್ಟಿಗೆ ಬಿದ್ದುಹೋಯಿತು. ಮೂಲ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನಿ ಅವರೇ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲವೆಂದು 2016ರಲ್ಲಿ ಬಹಿರಂಗವಾಗಿ ಬರೆದರು; ಸಂದರ್ಶನಕ್ಕೆ ಹೊರಟವರಿಗೆ ಆ ಭಂಗಿಯ ಉಪದೇಶ ಮಾತ್ರ ಇನ್ನೂ ನಿಂತಿಲ್ಲ.